ಸಾವಕಾಶ ಕಟ್ಟುವ ಗಂಟು

ಅಕ್ಕಲಕೋಟದ ಎಸ್‌ಟಿ ಸ್ಟ್ಯಾಂಡಿನ ಎದುರಿಗೆ
ಝೆರಾಕ್ಸ್, ಲ್ಯಾಮಿನೇಶನ್, ಬಯೋಡಾಟಾ.
ಬೋರ್ಡು ಮರಾಠಿ, ಬೈಗುಳ ಕನ್ನಡ,
ಕೀಬೋರ್ಡು ಇಂಗ್ಲಿಷು. ಅಂಗಡಿ ನಂದು.

ಕಂಪ್ಯೂಟರಿನ್ಯಾಗ ಇರೋದು ಒಂದೇ ಬಯೋಡಾಟಾ.
ಹೆಸರು ಅಳಿಸೋದು, ಹೆಸರು ಹಾಕೋದು.
ಆರು ವರ್ಷದಾಗ ಅದೇ ಹಾಳಿ
ಸೊಲ್ಲಾಪುರದ ಎಷ್ಟು ಟೇಬಲ್ ಮ್ಯಾಲ ಬಿದ್ದದೋ!
ಎಲ್ಲರೂ ಕಷ್ಟ ಪಡೋರು, ಎಲ್ಲರೂ ಪ್ರಾಮಾಣಿಕರು,
ಎಲ್ಲರ ಹವ್ಯಾಸ ಓದೋದು, ಕ್ರಿಕೆಟ್.
ಒಮ್ಮೆ ಮೈಂದರ್ಗಿಯ ಮುದುಕನೊಬ್ಬ,
ವಾಚ್‌ಮನ್ ಕೆಲಸಕ್ಕ ಬರಿಸಿಕೊಂಡು ಹೋದಂವ,
ಅವನ ಹಾಳ್ಯಾಗೂ ಕ್ರಿಕೆಟ್ ಉಳದುಬಿಟ್ಟಿತ್ತು.

ಗುರುವಾರ, ಹೋದ ಕರೆಂಟು ಬಂದ ಮ್ಯಾಲ,
ಇಂದುಮತಿ ಕಲಶೆಟ್ಟಿ ಬಂದಳು.
ತಲಿ ಮ್ಯಾಲಿನ ಬುಟ್ಟಿ ಇಳಿಸಿದಳು, ಸ್ಟೀಲಿನ ಸಪ್ಪಳ.
"ಕುಡಿಲಿಕ್ಕ ತುಸು ನೀರು ಕೊಡು" ಅಂದಳು. ಕೊಟ್ಟೆ.
"ಸೊಲ್ಲಾಪುರದಾಗ ಕುಕ್ಕರಿನ ಶೋರೂಮ್ ತಗದಾರಂತ,
ಮಾರ್ಲಿಕ್ಕ ಹೆಣ್ಣಮಕ್ಕಳು ಬೇಕಂತ. ಬರಿ."

ಶಾಲಿ? ಏಳನೇತ್ತಾ, ಮರಾಠಿ.
ಭಾಷೆ? "ಓಣಿ ಹೆಂಗೋ ಹಂಗ."
ಅನುಭವ?
"ಹಳೇ ಸೀರಿ ತಗೊಂಡು ಭಾಂಡಿ ಕೊಡತೀನಿ. ಹನ್ನೊಂದು ವರ್ಷ."
ಎಕ್ಸ್‌ಚೇಂಜ್ ಆಫರ್ ಅಂತ ಹೊಡದೆ.
ಕಂಪನಿಯವರ ಮಾತು
ಆಕಿ ಬುಟ್ಟ್ಯಾಗ ಮುದುಡಿಕೊಂಡು ಕೂತಂಗಿತ್ತು.

ಮತ್ತೇನು ಬರ್ತದ ನಿಂಗ?

"ಏನು ಬರ್ತದ ಅಂದರ... ಮೊದಲ ನೀರು ಕೇಳತೀನಿ.
ನೀರು ಕೊಟ್ಟ ಕೈಗೆ ಇಲ್ಲ ಅನ್ನೋದು ತ್ರಾಸ.
ರೇಟು ಮಾತಾಡೋದು ಅತ್ತಿ,
ನಾ ನೋಡೋದು ಸೊಸಿ ಕಣ್ಣು. ಡಬ್ಬಿ ಬೇಕಾಗಿರ್ತದಲ್ಲ, ಆಕಿಗೇ.
ಸೀರಿ ಬೆಳಕಿಗೆ ಹಿಡದು ನೋಡೋದಿಲ್ಲ.
ಹರಕು ಎಲ್ಲದ ಅಂತ ಬೆರಳಿಗೆ ತಿಳೀತದ.
ನಾಲ್ಕು ಮಂದಿ ಮುಂದ ಹರಕು ತೋರಿಸಿದರ
ಸೀರಿ ಸೋವಿ ಸಿಗ್ತದ ಖರೆ,
ಮನಿ ಹೋಗ್ತದ."

ಬ್ಯಾಡ ನಡಿ, ಅಂದರ?
"ಗಂಟು ಕಟ್ಟತೀನಿ."
ಅಷ್ಟೇ?
"ಸಾವಕಾಶ ಕಟ್ಟತೀನಿ."

ಟೈಪ್ ಮಾಡೋ ಬೆರಳು ನಿಂತವು.
ಗಂಟಿನ ಒಂದು ಕಿವಿ ಎಳದು
ಇನ್ನೊಂದು ಕಿವಿ ಹುಡುಕೋದರಾಗ
ಎಷ್ಟು ಅಡಿಗಿಮನಿ ಮನಸು ಬದಲಿಸ್ಯಾವೋ,
ಅದಕ್ಕ ನನ್ನ ಹಾಳ್ಯಾಗ ಕಾಲಮ್ ಇರಲಿಲ್ಲ.

ಕಡೀಕ ಆಕೀನೇ ಒಂದು ಸಾಲು ಬರಿಸಿದಳು:
"ಮಾರಿದ ಮನಿ ಮುಂದ
ಮರುದಿನ ಮತ್ತ ಹಾದು ಹೋಗತೀನಿ.
ದಾರಿ ಬದಲಿಸೋದಿಲ್ಲ."

ಮೈಂದರ್ಗಿಯ ಮುದುಕ ಸ್ಟ್ಯಾಂಡಿನ್ಯಾಗ ಕಂಡರ
ನಾ ಝೆರಾಕ್ಸ್ ಮಶೀನಿನ ಹಿಂದ ಬಗ್ಗತೀನಿ,
ಹಾಳಿ ಸಿಕ್ಕೊಂಡದ ಅಂತ.

ಆ ಸಾಲು ಮರಾಠಿಗೆ ತಂದೆ. ಇಂಗ್ಲಿಷಿಗೆ ತಂದೆ.
ಎರಡರಾಗೂ ತುಸು ಕುಂಟಿತು. ಕುಂಟಲಿ ಬಿಡು,
ಹೆಸರಿನ ಕೆಳಗ, ಎಲ್ಲದಕ್ಕಿಂತ ಮ್ಯಾಲ,
ದಪ್ಪ ಅಕ್ಷರದಾಗ ಇಟ್ಟೆ.
ಕಷ್ಟ ಪಡೋಳು ಅನ್ನೋದು ತಗದೆ.
ಆಕಿ ಹಿಮ್ಮಡಿ ನೋಡಿದೋರಿಗೆ ಅದನ್ನ ಬರದು ಹೇಳಬೇಕೇನು?
ಕ್ರಿಕೆಟ್ಟೂ ತಗದೆ.
ಆ ಜಾಗ ಖಾಲಿ ಉಳೀತು. ಉಳೀಲಿ.

ಪ್ರಿಂಟರಿನ ಬಿಸಿ ಹಾಳಿ ಕೈಯಾಗ ಹಿಡದು
ಬೆರಳಿಂದ ಅಂಚು ಸವರಿ ನೋಡಿದಳು,
ಹರಕು ಎಲ್ಲರೆ ಅದೇನೋ ಅಂತ.

"ಎಷ್ಟಾತು?"
ಐವತ್ತು, ಅಂದೆ.
ಏನೂ ಅನ್ನಲಿಲ್ಲ.
ಸೆರಗಿನ ತುದಿಗೆ ಕಟ್ಟಿದ ರೊಕ್ಕದ ಗಂಟು
ಬಿಚ್ಚಲಿಕ್ಕ ಹತ್ತಿದಳು.
ದುಧನಿ ಬಸ್ಸು ಹಾರ್ನ್ ಹೊಡದು ಹೋತು.
ಗಂಟಿನ ಒಂದು ಕಿವಿ ಸಡಿಲಾತು.
ಕಂಡಕ್ಟರ್ ಶಿಳ್ಳೆ. ಫ್ಯಾನಿನ ಕಿರ್‌ಕಿರ್.
ಇನ್ನೊಂದು ಕಿವಿ ಇನ್ನೂ ಸಿಗವಲ್ತು.

"ಮೂವತ್ತು ಕೊಡು" ಅಂದೆ.
ಅಂದ ಮ್ಯಾಲ
ನೀರಿನ ಖಾಲಿ ಗ್ಲಾಸು ಕಣ್ಣಿಗೆ ಬಿತ್ತು.