ತೆಪ್ಪಕ್ಕೆ ಬೆನ್ನಿಲ್ಲ

ಭಾನುವಾರ. ಬೇಲೂರಿನ ಗುಡಿ ನೋಡಿ ಮುಗಿಸಿದವರು
ಊಟಕ್ಕೆ ಮುಂಚೆ ಯಗಚಿ ಹಿನ್ನೀರಿಗೆ ಬರುತ್ತಾರೆ.
ಕಿತ್ತಳೆ ಜಾಕೀಟಿನ ಕೊಂಡಿ ಮುರಿದಿದೆ,
ಕೈಯಲ್ಲೇ ಹಿಡಿದುಕೊಳ್ಳಿ ಅನ್ನುತ್ತೇನೆ ನಾನು.
ಅಣ್ಣಾ, ಸ್ವಲ್ಪ ಜೋರಾಗಿ, ಅನ್ನುತ್ತಾರೆ ಅವರು.
ಜೋರಿಗೆ ಬೇರೆ ದರವಿಲ್ಲ.
ಆದರೆ ಇಳಿಯುವಾಗ ಅಂಗೈಗೆ ಬರುವ ಮಡಚಿದ ನೋಟು
ನನಗೂ ಗೊತ್ತು, ಎಕ್ಸಿಲೇಟರಿಗೂ ಗೊತ್ತು.

ಆವತ್ತು ಅರಸೀಕೆರೆ ಕಡೆಯ ಮದುವೆಮನೆಯವರು.
ಆರು ಜನದ ಬೋಟಿಗೆ ಒಂಬತ್ತು ಜನ,
ಮಗುವಿನ ಹಾಗೆ ಮಡಿಲಲ್ಲೊಂದು ಸ್ಪೀಕರು.
ಮದುಮಗನ ತಮ್ಮ ನಿಂತೇ ಇದ್ದ.
ಕೂರಪ್ಪಾ ಎಂದರೆ, ಕೂತವರ ತಲೆ ಹಿಡಿದು ಕುಣಿದ.
ತಿಂದು ಮುಗಿದ ಚಿಪ್ಸಿನ ಪೊಟ್ಟಣ ಗಾಳಿಗೆ ಬಿಟ್ಟರು,
ಅದು ಹೋಗಿ ನೀರಿನ ಮೇಲೆ ಕೂತಿತು,
ಅಲ್ಲಿದ್ದ ನೀರುಕಾಗೆ ಎದ್ದು ಹೋಯಿತು.

ಆ ಬುಟ್ಟಿ ಹತ್ತಿರ ಹೋಗಿ ಅಣ್ಣಾ, ಫೋಟೋ!

ಬುಟ್ಟಿಯಲ್ಲ ಅದು. ತೆಪ್ಪ.
ಒಳಗೆ ಬಲೆ ಎತ್ತುತ್ತ ಕೂತವನು
ನನ್ನ ದೊಡ್ಡಪ್ಪ ಜವರಯ್ಯ.
ಹೇಳಲಿಲ್ಲ ನಾನು.
ಅವನನ್ನು ನಡುವೆ ಇಟ್ಟು ಒಂದು ಸುತ್ತು ಹಾಕಿದೆ,
ಪ್ರದಕ್ಷಿಣೆ ಬಂದ ಹಾಗೆ, ಆದರೆ ಎಡಕ್ಕೆ.
ಎಡಕ್ಕೆ ತಿರುಗಿಸಿದರೆ ನಮ್ಮ ಬೋಟು ನೀರು ಚೆನ್ನಾಗಿ ಎರಚುತ್ತದೆ.

ಕಿರುಚಿದರು, ಶಿಳ್ಳೆ ಹೊಡೆದರು. ನೂರರ ನೋಟು ಬಂತು.

ಬೋಟು ಓಡಿಸುವವನ ಕಣ್ಣು ಮುಂದಕ್ಕಿರಬೇಕು,
ಕೆಲಸಕ್ಕೆ ಸೇರುವಾಗ ಹೇಳಿಕೊಟ್ಟದ್ದು ಅಷ್ಟೇ.
ಐದು ವರ್ಷ ಆಯಿತು,
ನಾನೆಬ್ಬಿಸಿದ ಒಂದು ಅಲೆಯನ್ನೂ ನಾನು ನೋಡಿರಲಿಲ್ಲ.

ಎಂಟು ವರ್ಷದ ಹುಡುಗನಾಗಿ
ಅದೇ ತೆಪ್ಪದಲ್ಲಿ ಕೂತು ಕಲಿತದ್ದು ಬೇರೆ.
ಇನ್ನೊಬ್ಬರ ಬಲೆ ಕಂಡರೆ ಹುಟ್ಟು ಎತ್ತಿ ಹಿಡಿ.
ಭಾರ ಹೊತ್ತವನಿಗೆ ದಾರಿ ಬಿಡು.
ನೀರಲ್ಲಿ ಎದುರಾದವರನ್ನು
ಊಟ ಆಯ್ತಾ ಎಂದು ಕೇಳದೆ ದಾಟಬೇಡ,
ಅವನು ವ್ಯಾಜ್ಯದವನಾದರೂ ಸರಿ.
ಹುಟ್ಟು ಒಂದೇ ಕಡೆ ಹಾಕಿ ತೆಪ್ಪ ಗಿರಗಿರ ತಿರುಗಿ
ನಾನು ಅಳುವ ಹಾಗಾದಾಗ ದೊಡ್ಡಪ್ಪ ನಕ್ಕಿದ್ದ:
ಇದಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ ಕಣ್ಲಾ,
ಬೆನ್ನಿಲ್ಲ ಇದಕ್ಕೆ,
ಯಾರಿಗೂ ಬೆನ್ನು ತೋರ್ಸಕ್ಕಾಗಲ್ಲ.

ದಡದಲ್ಲಿ ಹಗ್ಗ ಬಿಗಿದು ತಿರುಗಿದಾಗ ಕಂಡಿತು.
ಬೋರಲು ಹಾಕಿದ ಕಡಾಯಿಯ ಹಾಗೆ ತೆಪ್ಪ.
ಪಕ್ಕದಲ್ಲಿ ಒಂದು ಬೋಳುತಲೆ.
ಕೂಗಲಿಲ್ಲ, ಈಜಲಿಲ್ಲ,
ಅಲೆ ಮುಗಿಯಲೆಂದು ಕಾಯುತ್ತಿತ್ತು.

ಮುಂದಿನ ಟಿಕೆಟ್ಟಿನವರು ಹತ್ತುವ ಮೊದಲೇ ಬೋಟು ಬಿಟ್ಟೆ.
ಗುತ್ತಿಗೆದಾರ ಬೈದದ್ದು ಬೆನ್ನಿಗೆ ಬಿತ್ತು.
ಹತ್ತಿರ ಹೋಗುತ್ತ ಎಂಜಿನ್ ಆರಿಸಿದೆ,
ಹುಟ್ಟಿಲ್ಲದ ಬೋಟು, ಉಳಿದದ್ದಕ್ಕೆ ಕೈಯೇ ಹುಟ್ಟು.
ಏನು ಹೇಳಬೇಕೆಂದು
ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

ನೀರಿನಿಂದ ಕತ್ತೆತ್ತಿದ ದೊಡ್ಡಪ್ಪ
ಮುಖ ಒರೆಸಿಕೊಂಡು, ನನ್ನನ್ನು ಗುರುತು ಹಿಡಿದು,
ಕೇಳಿದ: ಊಟ ಆಯ್ತೇನ್ಲಾ?

ಇಲ್ಲ ಅಂದೆ.
ಆ ಎಲೆಯಡಿಕೆ ಚೀಲ ತೇಲ್ತಾ ಹೋಯ್ತದೆ, ಎತ್ಕೊ ಅಂದ.

ಬಲೆಯಲ್ಲಿ ಎರಡು ಜಿಲೇಬಿ ಮೀನು ಉಳಿದಿದ್ದವು.
ನೂರರ ನೋಟು ಜೇಬಲ್ಲೇ ಒದ್ದೆಯಾಗಿ
ನನ್ನ ಎದೆಗೆ ಅಂಟಿತ್ತು. ಕೊಡಲಾಗಲಿಲ್ಲ.

ಸುಳ್ಳು ಯಾಕೆ, ಈಗಲೂ ಕೆಲವು ಭಾನುವಾರ
ನೀರು ಖಾಲಿ ಕಂಡರೆ ಎಡಕ್ಕೆ ತಿರುಗಿಸುತ್ತೇನೆ.
ಮನೆಯಲ್ಲಿ ಫೀಸು, ಗ್ಯಾಸು, ಎಲ್ಲ ಇದೆ.
ಆದರೆ ತಿರುಗಿಸಿದ ಮೇಲೆ ಒಮ್ಮೆ ಹಿಂದಕ್ಕೆ ನೋಡುತ್ತೇನೆ,
ಅಲೆ ಎಲ್ಲಿಯವರೆಗೆ ಹೋಯಿತೆಂದು ಎಣಿಸುತ್ತೇನೆ.
ಮೂವತ್ತು, ಮೂವತ್ತೊಂದು.
ಆಚೆ ದಡದಲ್ಲಿ ಬಟ್ಟೆ ಒಗೆಯುವವಳು
ಬಕೆಟ್ಟನ್ನು ಮೇಲಿನ ಕಲ್ಲಿಗೆ ಎತ್ತಿಟ್ಟು,
ಕಣ್ಣಿಗೆ ಕೈ ಅಡ್ಡ ಹಿಡಿದು
ಯಾರವನು ಎಂದು ನೋಡುತ್ತಾಳೆ.