ಉಸಿರು ಹಿಡಿ

ಮುಸಫ್ಫಾದ ಮೆಡಿಕಲ್ ಸೆಂಟರಿನಲ್ಲಿ
ಅಂಗಿ ಕಳಚಿ ಸಾಲು ನಿಂತಿದ್ದೆವು, ನಾನೂ ಪುತ್ತುಮೋನುವೂ.
ತಣ್ಣನೆಯ ಹಲಗೆಗೆ ಎದೆಯೊತ್ತಿ, ಗದ್ದ ಎತ್ತಿ.
ಗಾಜಿನಾಚೆಯ ಹುಡುಗ ನಾಲ್ಕು ಭಾಷೆಗಳಲ್ಲಿ
ಕೂಗುವುದು ಒಂದೇ ಮಾತು: ಉಸಿರು ಹಿಡಿ.
ಹಿಡಿದೆವು.
ಬಿಡು ಎಂದದ್ದು ನನಗೆ ಮಾತ್ರ ಕೇಳಿಸಿತೇನೋ.

ಅವನ ಬಲಗಡೆಯ ಶ್ವಾಸಕೋಶದ ಮೇಲ್ತುದಿಯಲ್ಲಿ
ಸಾಸಿವೆಯಷ್ಟು ಬಿಳಿ.
ಏಳನೇ ಕ್ಲಾಸಿನ ಕೆಮ್ಮು, ಆರು ತಿಂಗಳ ಮಾತ್ರೆ,
ಗುಣವಾಯಿತೆಂದು ವೆನ್ಲಾಕಿನಲ್ಲಿ ಬರೆದುಕೊಟ್ಟ ಚೀಟಿ.
"ಸತ್ತ ಹುಳ ಸಾರ್, ಸತ್ತು ಹದಿನೈದು ವರ್ಷ"
ಅವನ ಹಿಂದಿ ಅಷ್ಟಕ್ಕೇ ಮುಗಿಯಿತು.
ಫಿಲ್ಮಿಗೆ ನೆರಳು ಗೊತ್ತು, ನೆರಳಿನ ವಯಸ್ಸು ಗೊತ್ತಿಲ್ಲ.
ಗುರುವಾರ ರಾತ್ರಿಯ ವಿಮಾನಕ್ಕೆ ಅವನ ಚೀಲ ತೂಗಿದವನು ನಾನೇ.
ಮೂವತ್ತು ಕಿಲೋ ಒಯ್ಯಬಹುದಿತ್ತು;
ಇದ್ದದ್ದು ಒಂಬತ್ತು.

ಈಗ ನನಗೆ ಲ್ಯಾಬಿನಲ್ಲಿ ಕೆಲಸ.
ಸಬ್ಖಾದ ಉಪ್ಪುಕೆಸರಿನಿಂದ ಸೋಸಿ ತಂದ ನೀರನ್ನು
ಉಗುರಿಗಿಂತ ಸಣ್ಣ ಎರಡು ಕಿಟಕಿಗಳ ನಡುವೆ
ತೊಟ್ಟು ಎನ್ನಲೂ ಸಾಲದಷ್ಟು ಬಿಡುವುದು.
ಡಾಕ್ಟರ್ ಶಮ್ಸಾ ಹೇಳಿಕೊಟ್ಟಿದ್ದಾರೆ:
ಇದು ಮೆದು ಎಕ್ಸ್-ರೇ, ನೀರನ್ನು ದಾಟಿಬಿಡುತ್ತದೆ,
ಮೈ ಕಟ್ಟಿದ ಇಂಗಾಲ ಎದುರಾದರೆ ತಡೆದು ನಿಲ್ಲುತ್ತದೆ.
ಬಣ್ಣ ಹಚ್ಚಬೇಕಿಲ್ಲ, ಒಣಗಿಸಬೇಕಿಲ್ಲ, ಕೊಯ್ಯಬೇಕಿಲ್ಲ.
ಒದ್ದೆಯಾಗಿ, ಅದರ ಪಾಡಿಗೆ ಅದು.

ಬ್ಯಾಕ್ಟೀರಿಯಾಕ್ಕೆ ಯಾವ ಭಾಷೆಯಲ್ಲಿ ಹೇಳುವುದು
ಉಸಿರು ಹಿಡಿ ಎಂದು?
ಅಲುಗುವುದೇ ಅದರ ಬಾಳು.
ಹಾಗಾಗಿ ಬೆಳಕೇ ಉಸಿರು ಹಿಡಿಯುತ್ತದೆ:
ಒಂದು ಕಿಡಿ,
ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲು.
ಮುಗಿಯಿತು.

ಪರದೆಯ ಮೇಲೆ ಅಕ್ಕಿನುಚ್ಚಿನಂಥ ಮೈ,
ಒಳಗೆ ನಾಲ್ಕಾರು ಕಪ್ಪು ಕಾಳು,
ನಡು ಸಣ್ಣಗಾಗಿದೆ, ಯಾರೋ ದಾರ ಬಿಗಿದಂತೆ.
ಎರಡಾಗಲು ಹೊರಟಿತ್ತು.
ಆಗುವುದಿಲ್ಲ.
ನೋಡಿದ ಬೆಳಕೇ ಸುಟ್ಟಿದೆ ಅದನ್ನು;
ಚಿತ್ರ ಮಾತ್ರ ಸಾವಿಗಿಂತ ಒಂದು ಹೆಜ್ಜೆ ಮುಂಚೆ
ಓಡಿಬಂದು ಈಚೆ ಬಿದ್ದಿದೆ.
"ಜೀವಂತ" ಎಂದು ಫೈಲಿಗೆ ಹೆಸರಿಡುತ್ತಾರೆ ಶಮ್ಸಾ.
ಸುಳ್ಳೇನಲ್ಲ.

ಕಳಿಸಬಾರದಿತ್ತು, ಕಳಿಸಿದೆ.
ಉಳ್ಳಾಲದ ಐಸ್ ಪ್ಲಾಂಟಿನಲ್ಲಿ ಅವನಿಗೆ ಆಗ
ಬೋಟುಗಳು ಬರುವ ಹೊತ್ತು.
ತಡವಾಗಿ ಬಂತು ಉತ್ತರ:
"ಚಂದ ಉಂಟು ಮಾರಾಯ.
ಇದರ ಮೆಡಿಕಲ್ ಪಾಸಾಯ್ತಾ?"