ಲೆಫ್ಟ್ ಇನ್ ಚಂದ್ರಶಾ

ವಾಡಿ ಸಿಮೆಂಟ್ ಫ್ಯಾಕ್ಟರಿ ಟೀಮಿನ ಫೋಟೋದಾಗ
ಕಪ್ ಹಿಡಕೊಂಡವ ರೈಡರ್ ಪರಮೇಶಿ.
ಅವನ ಬಗಲಾಗ ನಾನು, ಕಾರ್ನರ್ ಲಾಲಸಾಬ.
ನನ್ನ ಆಚಿಗಿ ಅರ್ಧ ಭುಜ, ಒಂದು ಕಿವಿ ಕಾಣಸ್ತದಲ್ಲ,
ಅದು ಚಂದ್ರಶಾ.
ಕ್ಯಾಮೆರಾದಾಗ ಅಂವ ಹಿಡಿಸಲಿಲ್ಲ.

ಹದಿನೇಳು ವರ್ಷ.
ಮೊದಲು ಜರಡಿ ಹಿಡಿದ ಮಣ್ಣು, ಆಮ್ಯಾಲ ರಬ್ಬರ್ ಮ್ಯಾಟು.
ಮೊದಲು ಬರಿಗಾಲು, ಆಮ್ಯಾಲ ಬೂಟು.
ಆಟ ಬದಲಾಯ್ತು, ಗಂಟು ಬದಲಾಗಲಿಲ್ಲ:
ನನ್ನ ಬಲಗೈ, ಅವನ ಎಡಗೈ.
ಹುಸೇನಬಿ ಈಗೂ ಹಂಗಸ್ತಾಳ,
ನಿಕಾಹ್ ಆದಾಗಿಂದ ನನ್ನ ಕೈ ಹಿಡಿದದ್ದಕ್ಕಿಂತ
ಆ ಡೊಳ್ಳಹೊಟ್ಟಿಯವನ ಕೈ ಹಿಡಿದದ್ದೇ ಹೆಚ್ಚು, ಅಂತ.
ಲೆಕ್ಕ ಬರೋಬ್ಬರಿ ಅದ.

ರೈಡರ್ ಬರ್ತಾನ. ಕಾಲು ನಾ ಹಿಡೀತೀನಿ.
ಅಂವ ಜಗ್ಗತಾನ, ಜಿಗೀತಾನ, ನನ್ನ ಹಲ್ಲಿಗಿ ಒದೀತಾನ.
ಆಗ ಬಲಕ್ಕಿಂದ ಬರ್ತದ ಒಂದು ಗ್ವಾಡಿ,
ಶಹಾಬಾದಿನ ಫರಸಿ ತುಂಬಿದ ಲಾರಿ
ಗೇರ್ ಬದಲಿಸಿದಂಗ ಒಂದೇ ಒಂದು ಸಪ್ಪಳ.
ಧೂಳು ಇಳೀತದ. ಸೀಟಿ.
ಪಾಯಿಂಟು: ಲಾಲಸಾಬ.
ಅಂವ ಎದ್ದು ಚಡ್ಡಿ ಝಾಡಿಸಿಕೊಂಡು
ನನ್ನ ಬಲಗೈ ಹುಡುಕತಿದ್ದ.
ಅಷ್ಟೇ.

ಎಡಗೈಯ ಕಿರುಬೆರಳು ಮೂರು ಸಲ ಮುರೀತು,
ಸೋಲಾಪುರದಾಗ, ಲಾತೂರದಾಗ, ಯಾದಗಿರಿ ಕೋಟಿ ಬುಡಕ.
ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿಕೊಂಡು ಮತ್ತ ನಿಂತ.
ಇವತ್ತಿಗೂ ಪಂಕ್ಚರ್ ಅಂಗಡಿ ಮುಂದ ಹಾದ್ರ
ನನಗ ಅವನ ವಾಸನಿ ಬಡೀತದ.

ಹಗಲು ಪ್ಯಾಕಿಂಗ್ ಪ್ಲಾಂಟಿನಾಗ ಕೆಲಸ, ಸಂಜಿ ಆಟ.
ರೆಪ್ಪಿ ಮ್ಯಾಲ ಬೂದಿ ಬಣ್ಣದ ಸಿಮೆಂಟು, ಬೆವರು ಹತ್ತಿದ್ರ ಗಟ್ಟಿ.
ಒಮ್ಮಿ ನೀನೂ ರೈಡ್ ಹೋಗಿ ಬಾರೋ ಅಂದ್ರ
ಒಂದೇ ಉಸಿರಿನಾಗ ಅಷ್ಟು ಮಾತಾಡಲಾಕ
ನಂಗ ಬರಂಗಿಲ್ಲ, ಅಂತಿದ್ದ.

ಚಿತ್ತಾಪುರದ ಫೈನಲ್.
ನಮ್ಮವರು ಆರು ಮಂದಿ ಔಟು. ಗೆರಿ ಹೊರಗ ನಾನೂ ಕುಂತೀನಿ.
ಒಳಗ ಅವನೊಬ್ಬ. ರೈಡ್ ನಮ್ಮದು.
ಹೋದ.
ಕಬಡ್ಡಿ ಅನ್ನೋ ಶಬ್ದ ಅವನ ಬಾಯಾಗ
ಕಣಿಯಿಂದ ಹಾರಿ ಹಾಕಿ ಎಬ್ಬಿಸಿದ ಕಲ್ಲಿನಂಗ,
ಒಂದು ಎದ್ದ ಮ್ಯಾಲ ಇನ್ನೊಂದು.
ಮಂದಿ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕ.
ಆಮ್ಯಾಲ ನೋಡಿದೆ,
ಬಲಗೈ ಮುಂದಕ್ಕ ಚಾಚ್ಯಾನ, ಮುಟ್ಟಲಾಕ.
ಎಡಗೈ ಮಾತ್ರ ಬಗಲಿಗಿ,
ಟ್ಯೂಬ್ ಸುತ್ತಿದ ಬೆರಳು ಅಗಲಿಸಿಕೊಂಡು
ಖಾಲಿ ಗಾಳಿ ಹಿಡಕೊಂಡು ಹೊಂಟಾನ.
ನನ್ನ ನಗಿ ಅಲ್ಲೇ ಸತ್ತಿತು.

ಯಾರನ್ನೂ ಮುಟ್ಟಲಿಲ್ಲ. ಏಳೂ ಮಂದಿ ಮ್ಯಾಲ ಬಿದ್ದರು.
ಏಳೂ ಮಂದಿನ್ನ ಹೊತ್ತುಕೊಂಡು
ಗೆರಿ ಕಡಿಗಿ ಒಂದು ಗೇಣು ಸರಿದ.
ಎರಡು ಗೇಣು ಬೇಕಾಗಿತ್ತು.

ಮೊನ್ನಿ ಅವನ ಮಣಕಾಲು ತೋರಸಲಾಕ
ಕಲಬುರಗಿ ದವಾಖಾನಿಗಿ ನಾನೇ ಕರಕೊಂಡು ಹೋದೆ.
ಚೀಟಿ ಬರೆಯೋ ಹುಡುಗಿ ಕೇಳಿದಳು,
ಪೇಷಂಟಿಗಿ ನೀವು ಏನಾಗಬೇಕ್ರಿ?
ಕಾರ್ನರ್, ಅಂದೆ.
ಅಕಿ ಪೆನ್ನು ಎತ್ತಿ ನನ್ನ ಮುಖ ನೋಡಿದಳು.
ಖರೇನೇ ಏನಂತ ಬರಕೊಂಡಳೋ ಗೊತ್ತಿಲ್ಲ.

ಬೆಂಚಿನ ಮ್ಯಾಲ ಜಾಗ ಕಡಿಮಿ ಇತ್ತು.
ಮಣಕಾಲು ಮಡಚಲಾಕ ಬರದವ
ಹಲ್ಲು ಕಚ್ಚಿ ಎದ್ದು, ಒಂದು ಸೀಟು ಬಲಕ್ಕ ಸರಿದು ಕುಂತ.
ತನ್ನ ಎಡಕ್ಕಿನ ಜಾಗ ಕೈಲೆ ಝಾಡಿಸಿದ.